ಕಿಡ್ನಿ ಚೆನ್ನಾಗಿರಲು ನೀರು ಕುಡಿದರೆ ಸಾಕಾ?

ಕಿಡ್ನಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಸಲಹೆ ಒಂದೇ: ಚೆನ್ನಾಗಿ ನೀರು ಕುಡಿಯಿರಿ. ದಿನಕ್ಕೆ ಎಂಟು ಲೋಟ ಅನ್ನುವವರಿದ್ದಾರೆ, ನಾಲ್ಕು ಲೀಟರ್ ಅನ್ನುವವರೂ ಇದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಒಂದು ಲೀಟರ್ ಗಟಗಟ ಇಳಿಸಿ ಕಿಡ್ನಿ ‘ತೊಳೆದುಕೊಳ್ಳುವವರಿಗೂ’ ಕೊರತೆ ಇಲ್ಲ. ಸಲಹೆ ಸುಲಭ, ಖರ್ಚಿಲ್ಲ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಬಂದವರಲ್ಲಿ ಹೆಚ್ಚಿನವರು ನೀರು ಕಡಿಮೆ ಕುಡಿದು ಅಲ್ಲಿಗೆ ಬಂದವರಲ್ಲ. ವರ್ಷಗಟ್ಟಲೆ ಹತೋಟಿಗೆ ಬಾರದ ಶುಗರ್ ಮತ್ತು ಬಿಪಿ ಅವರನ್ನು ಅಲ್ಲಿಗೆ ತಂದಿರುತ್ತವೆ.

ಕಿಡ್ನಿ ಹೆಸರಲ್ಲಿ ಓಡಾಡುವ ಸಲಹೆಗಳೇ ಬೇರೆ, ಕಿಡ್ನಿಯನ್ನು ನಿಜಕ್ಕೂ ಕಾಯುವ ಅಭ್ಯಾಸಗಳೇ ಬೇರೆ. ಎರಡನೆಯದರಲ್ಲಿ ಬಹಳಷ್ಟಕ್ಕೆ ಕಿಡ್ನಿಯ ಹೆಸರೇ ಇಲ್ಲ. ಅದಕ್ಕೇ ಅವು ಕಣ್ಣಿಗೆ ಬೀಳುವುದಿಲ್ಲ.

ಈ ಮಾತು ಈಗ ಯಾಕೆ ಅಂದರೆ, ಕಿಡ್ನಿ ಕಾಯಿಲೆ ಬಹಳ ಕಾಲ ಆರೋಗ್ಯ ನೀತಿಗಳ ಹಿಂದಿನ ಸಾಲಿನಲ್ಲೇ ಕುಳಿತಿತ್ತು. ಹೃದಯ, ಕ್ಯಾನ್ಸರ್, ಸಕ್ಕರೆ ಕಾಯಿಲೆಗೆ ಸಿಕ್ಕ ಗಮನ ಇದಕ್ಕೆ ಸಿಗಲಿಲ್ಲ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಧಿವೇಶನ ಮೊದಲ ಬಾರಿಗೆ ಕಿಡ್ನಿ ಆರೋಗ್ಯದ ಬಗ್ಗೆಯೇ ಒಂದು ನಿರ್ಣಯ ಅಂಗೀಕರಿಸಿತು. ಜಗತ್ತಿನಲ್ಲಿ ವಯಸ್ಕರ ಪೈಕಿ ಹತ್ತರಲ್ಲೊಬ್ಬರಿಗಾದರೂ ದೀರ್ಘಕಾಲದ ಕಿಡ್ನಿ ಸಮಸ್ಯೆ ಇದೆ ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ.

ಗೊತ್ತಾಗದೇ ಇರಲು ಕಾರಣ ಕಿಡ್ನಿಯ ರಚನೆಯಲ್ಲೇ ಇದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿರುತ್ತವೆ. ಪ್ರತಿಯೊಂದರ ತುದಿಯಲ್ಲೂ ಸಣ್ಣ ರಕ್ತನಾಳಗಳ ಗಂಟು, ಅದೇ ಜರಡಿ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಸೀದಾ ಕಿಡ್ನಿಗೆ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ನೆಫ್ರಾನ್‌ಗಳು ತಯಾರಾಗುವುದು ತಾಯಿಯ ಹೊಟ್ಟೆಯಲ್ಲೇ. ಹುಟ್ಟಿದ ಮೇಲೆ ಹೊಸವು ಬರುವುದಿಲ್ಲ. ಒಂದಷ್ಟು ಸತ್ತರೆ ಉಳಿದವು ಹೆಚ್ಚುವರಿ ಕೆಲಸ ಹೊತ್ತುಕೊಳ್ಳುತ್ತವೆ. ನೋವಿಲ್ಲ, ಸುಸ್ತಿಲ್ಲ, ಮೂತ್ರವೂ ಎಂದಿನಂತೆಯೇ ಹೋಗುತ್ತದೆ. ಹೊತ್ತು ಹೊತ್ತು ಅವೂ ಸವೆಯುತ್ತವೆ. ಮುಖ, ಕಾಲು ಊದಿಕೊಂಡು ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಎಷ್ಟೋ ಸಲ ಬಹಳ ದೂರ ಬಂದಾಗಿರುತ್ತದೆ.

ಮೊದಲು ನೀರಿನ ವಿಷಯ ಮುಗಿಸಿಬಿಡೋಣ. ಕಿಡ್ನಿ ಕೆಲಸ ಆಗಲೇ ಕಡಿಮೆಯಾಗಿದ್ದ 600ಕ್ಕೂ ಹೆಚ್ಚು ಜನರ ಮೇಲೆ ಕೆನಡಾದಲ್ಲಿ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಹೆಚ್ಚು ನೀರು ಕುಡಿಯಲು ತರಬೇತಿ ಕೊಟ್ಟರು, ಉಳಿದವರಿಗೆ ಎಂದಿನಂತೆ ಇರಿ ಅಂದರು. ಒಂದು ವರ್ಷದ ಮೇಲೆ ನೋಡಿದರೆ ಕಿಡ್ನಿ ಕುಸಿಯುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು 2018ರಲ್ಲಿ ಪ್ರಕಟವಾಯಿತು. ಒಂದೇ ವರ್ಷದ ಅಧ್ಯಯನ, ಅದೇ ಕೊನೆಯ ಮಾತಲ್ಲ. ಆದರೂ ‘ಜಾಸ್ತಿ ನೀರು ಕುಡಿದಷ್ಟೂ ಕಿಡ್ನಿ ಗಟ್ಟಿ’ ಎಂಬ ನಂಬಿಕೆಗೆ ಇದರಿಂದ ಬಲ ಸಿಗಲಿಲ್ಲ.

ಎರಡು ಕಡೆ ನೀರಿನ ಮಾತಿಗೆ ನಿಜವಾಗಿಯೂ ತೂಕವಿದೆ. ಒಂದು, ಕಿಡ್ನಿ ಕಲ್ಲು. ಕಲ್ಲು ಬಂದು ಹೋದವರ ಮೇಲೆ ಇಟಲಿಯಲ್ಲಿ ಐದು ವರ್ಷ ನಡೆದ ಅಧ್ಯಯನ 1996ರಲ್ಲಿ ಹೊರಬಂತು. ದಿನಕ್ಕೆ ಎರಡು ಲೀಟರ್ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಸುಮಾರು ಶೇ. 12 ಜನರಿಗೆ ಮತ್ತೆ ಕಲ್ಲು ಬಂತು. ಹಾಗೆ ಮಾಡದವರಲ್ಲಿ ಅದು ಶೇ. 27. ಮೂತ್ರ ತೆಳುವಾಗಿದ್ದರೆ ಉಪ್ಪಿನಂಶಗಳು ಹರಳುಗಟ್ಟುವುದು ಕಷ್ಟ, ಅಷ್ಟೇ ವಿಷಯ. ಇನ್ನೊಂದು, ಬಿಸಿಲಿನ ದುಡಿಮೆ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬಿನ ಗದ್ದೆಗಳಲ್ಲಿ ಶುಗರ್, ಬಿಪಿ ಏನೂ ಇಲ್ಲದ ಹುಡುಗರ ಕಿಡ್ನಿಗಳು ಹಾಳಾಗುತ್ತಿದ್ದವು. ಕಾರಣ ಇನ್ನೂ ಚರ್ಚೆಯಲ್ಲಿದೆ. ಆದರೆ ಬಿರುಬಿಸಿಲಿನಲ್ಲಿ ಮೈಮುರಿಯುವ ಕೆಲಸ ಮತ್ತು ದಿನವೂ ನೀರು ಬತ್ತಿದ ದೇಹ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತವೆ ಎಂಬ ಅಭಿಪ್ರಾಯ ಬಲವಾಗಿದೆ. ಅಲ್ಲಿ ಪರಿಹಾರ ಅಂತ ಹೊರಟಾಗ ಬರೀ ನೀರು ಕೊಡಲಿಲ್ಲ. ನೆರಳು ಮತ್ತು ಕಡ್ಡಾಯ ವಿಶ್ರಾಂತಿಯನ್ನೂ ಸೇರಿಸಿದರು. ಬಿಸಿಲಲ್ಲಿ ದುಡಿಯುವವನಿಗೆ ನೀರು ಕುಡಿಯಪ್ಪಾ ಅಂತ ಉಪದೇಶ ಮಾಡುವುದು ಸುಲಭ. ಕೆಲಸ ನಿಲ್ಲಿಸಿ ನೆರಳಿಗೆ ಹೋಗಲು ಬಿಡುವುದು ಮಾಲೀಕನ ಕೈಯಲ್ಲಿದೆ.

ಉಳಿದವರಿಗೆ ಲೆಕ್ಕ ಸರಳ. ಬಾಯಾರಿದಾಗ ಕುಡಿಯಿರಿ. ಮೂತ್ರ ತಿಳಿ ಹಳದಿ ಇದ್ದರೆ ಸಾಕು, ಗಾಢವಾಗಿದ್ದರೆ ಇನ್ನಷ್ಟು ಕುಡಿಯಿರಿ. ಒಂದೇ ಸಲ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು. ಹೃದಯ ಅಥವಾ ಕಿಡ್ನಿ ಆಗಲೇ ದುರ್ಬಲವಾಗಿರುವವರಿಗೆ ಡಾಕ್ಟರೇ ನೀರಿನ ಮಿತಿ ಹೇಳಿರುತ್ತಾರೆ. ಅಂಥವರು ‘ಜಾಸ್ತಿ ನೀರು’ ಸಲಹೆ ಕೇಳಿ ಹೆಚ್ಚು ಕುಡಿದರೆ ಕಾಲು ಊತ, ಉಸಿರಾಟದ ತೊಂದರೆ ಬರಬಹುದು.

ಈಗ ಬಿಪಿಗೆ ಬರೋಣ. ಜರಡಿ ಅಂದೆನಲ್ಲ, ಅದು ಕೆಲಸ ಮಾಡುವುದು ಒತ್ತಡದ ಮೇಲೆ. ರಕ್ತ ಒಳಗೆ ಬರುವ ನಾಳ, ಹೊರಗೆ ಹೋಗುವ ನಾಳ ಎರಡನ್ನೂ ಹಿಗ್ಗಿಸಿ, ಕುಗ್ಗಿಸಿ ಕಿಡ್ನಿ ಒಳಗಿನ ಒತ್ತಡವನ್ನು ಒಂದು ಹದದಲ್ಲಿ ಇಟ್ಟುಕೊಳ್ಳುತ್ತದೆ. ಬಿಪಿ ವರ್ಷಗಟ್ಟಲೆ ಹೆಚ್ಚಿದ್ದರೆ ಆ ನಾಳಗಳ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ಜರಡಿ ಹರಿದು, ರಕ್ತದಲ್ಲೇ ಉಳಿಯಬೇಕಾದ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಕಿಡ್ನಿ ಕೆಟ್ಟರೆ ಬಿಪಿ ಇನ್ನೂ ಏರುತ್ತದೆ, ಏರಿದ ಬಿಪಿ ಕಿಡ್ನಿಯನ್ನು ಇನ್ನೂ ಕೆಡಿಸುತ್ತದೆ. ಈ ಸುತ್ತಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಹಾಗಾಗಿ ಕಿಡ್ನಿಗಾಗಿ ಒಂದೇ ಒಂದು ಅಭ್ಯಾಸ ಆರಿಸಿಕೊಳ್ಳಿ ಅಂದರೆ ನಾನು ನೀರಿನ ಬಾಟಲಿಗಿಂತ ಮೊದಲು ಬಿಪಿ ಯಂತ್ರವನ್ನು ತೋರಿಸುತ್ತೇನೆ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಮಾತಾಡದೆ ನೋಡಿಕೊಂಡ ಬಿಪಿ. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ನೋಡಿಸಿಕೊಂಡ ಬಿಪಿಗೆ ಅಷ್ಟು ಬೆಲೆ ಇಲ್ಲ.

ಬಿಪಿ ಜತೆಗೇ ಉಪ್ಪು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅಂದರೆ ಒಂದು ಟೀ ಚಮಚವೂ ತುಂಬುವುದಿಲ್ಲ. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಉಪ್ಪು ಬಿಪಿ ಏರಿಸುವುದಷ್ಟೇ ಅಲ್ಲ, ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನೂ ಹೆಚ್ಚಿಸುತ್ತದೆ. ಕಿಡ್ನಿ ಕಾಯಲೆಂದು ಕೊಡುವ ಕೆಲವು ಬಿಪಿ ಮಾತ್ರೆಗಳ ಪರಿಣಾಮವನ್ನೂ ತಗ್ಗಿಸುತ್ತದೆ. ಮಾತ್ರೆ ನುಂಗಿದೆನಲ್ಲ, ಊಟ ಹೇಗಿದ್ದರೇನು ಅನ್ನುವವರು ಇದನ್ನು ನೆನಪಿಡಬೇಕು. ಅಡುಗೆಗೆ ಹಾಕಿದ ಉಪ್ಪು ಹಾಕಿದವರಿಗೆ ಗೊತ್ತಿರುತ್ತದೆ. ಬ್ರೆಡ್, ಬಿಸ್ಕತ್ತು, ಸಾಸ್, ಪೊಟ್ಟಣದ ತಿಂಡಿ, ದಿಢೀರ್ ನೂಡಲ್ಸ್‌ನಲ್ಲಿ ಅಡಗಿರುವುದು ಲೆಕ್ಕಕ್ಕೇ ಬರುವುದಿಲ್ಲ. ಪೊಟ್ಟಣದ ಮೇಲೆ ಸೋಡಿಯಂ ಅಂತ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, ಹೆಚ್ಚು ಕಡಿಮೆ ಉಪ್ಪಿನ ತೂಕ ಸಿಗುತ್ತದೆ. ಗುಲಾಬಿ ಬಣ್ಣದ ಉಪ್ಪು, ಕಲ್ಲುಪ್ಪು, ಸಮುದ್ರದ ಉಪ್ಪು ಎಲ್ಲವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಬಣ್ಣಕ್ಕೆ ಮರುಳಾಗಬೇಡಿ.

‘ಲೋ ಸೋಡಿಯಂ’ ಉಪ್ಪಿನ ಕಥೆ ಸ್ವಲ್ಪ ಬೇರೆ. ಅದರಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಹಾಕಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಕಡಿಮೆಯಾಗಿತ್ತು. ಆರೋಗ್ಯವಂತರಿಗೆ ಇದು ಒಳ್ಳೆಯ ಬದಲಾವಣೆ. ಆದರೆ ಕಿಡ್ನಿ ದುರ್ಬಲವಾಗಿದ್ದರೆ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪನ್ನು ಶಿಫಾರಸು ಮಾಡಿದಾಗ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟಿತು. ಒಬ್ಬರಿಗೆ ಔಷಧಿಯಂಥದ್ದು ಇನ್ನೊಬ್ಬರಿಗೆ ವಿಷವಾಗಬಹುದು. ನಿಮ್ಮ ಕಿಡ್ನಿ ಹೇಗಿದೆ ಅಂತ ಗೊತ್ತಿಲ್ಲದೆ ಯಾವುದೇ ಸಲಹೆ ಪಾಲಿಸುವುದು ಕಷ್ಟ ಅನ್ನುವುದು ಇದಕ್ಕೇ.

ಶುಗರ್ ಬಗ್ಗೆ ಎಲ್ಲರೂ ಒಂದಷ್ಟು ಕೇಳಿದ್ದಾರೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ಕಿಡ್ನಿ ತೊಂದರೆ ಬರುತ್ತದೆ. ತಮಾಷೆ ಅಂದರೆ ಶುರುವಿನಲ್ಲಿ ಕಿಡ್ನಿ ಎಂದಿಗಿಂತ ಜೋರಾಗಿಯೇ ಸೋಸುತ್ತಿರುತ್ತದೆ. ವರದಿ ನೋಡಿದರೆ ಭಲೇ ಅನ್ನಬೇಕು! ಅತಿಯಾಗಿ ದುಡಿಯುತ್ತಿರುವ ಜರಡಿ ಅದು, ಆಮೇಲೆ ಸೋರತೊಡಗುತ್ತದೆ. ಟೈಪ್ 2 ಶುಗರ್ ಪತ್ತೆಯಾದ ದಿನವೇ ಕಿಡ್ನಿ ಟೆಸ್ಟ್ ಕೂಡ ಮಾಡಿಸಿ ಅನ್ನುವುದು ಇದಕ್ಕೆ. ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಅದು ಮೈಯಲ್ಲಿ ಸೇರಿಕೊಂಡಿರಬಹುದು.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವುದು ನೋವಿನ ಮಾತ್ರೆಗಳನ್ನು. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಗುಂಪಿನ ಮಾತ್ರೆಗಳು. ಮೊಣಕಾಲು ನೋವು, ಬೆನ್ನು ನೋವು, ತಲೆನೋವು, ಏನೇ ಬಂದರೂ ಚೀಟಿ ಇಲ್ಲದೆ ತಂದು ನುಂಗುವಂಥವು. ನೋವು ಹುಟ್ಟಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಇವು ತಡೆಯುತ್ತವೆ. ಆದರೆ ಕಿಡ್ನಿಗೆ ರಕ್ತ ತರುವ ನಾಳವನ್ನು ಹಿಗ್ಗಿಸಿ ಇಟ್ಟುಕೊಳ್ಳಲು ಕಷ್ಟಕಾಲದಲ್ಲಿ ಬೇಕಾಗುವುದೂ ಅವೇ ರಾಸಾಯನಿಕಗಳು. ಗಟ್ಟಿ ದೇಹದವರು ಯಾವಾಗಲೋ ಒಂದು ಮಾತ್ರೆ ನುಂಗಿದರೆ ಏನೂ ಆಗುವುದಿಲ್ಲ. ವಾಂತಿ, ಭೇದಿ, ಜ್ವರದಲ್ಲಿ ದೇಹದ ನೀರು ಬತ್ತಿರುವಾಗ ನುಂಗಿದರೆ ಲೆಕ್ಕ ಬದಲಾಗುತ್ತದೆ. ಆಗ ಕಿಡ್ನಿಗೆ ಹೋಗುವ ರಕ್ತ ಏಕಾಏಕಿ ಇಳಿಯುತ್ತದೆ.

ಇದರ ಜತೆ ಇನ್ನೆರಡು ಮಾತ್ರೆ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಬಿಪಿಗೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರದವು ರಕ್ತ ಹೊರಹೋಗುವ ನಾಳವನ್ನು ಹಿಗ್ಗಿಸುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ದೇಹದ ನೀರು ಕಡಿಮೆ ಮಾಡುತ್ತದೆ. ಒಂದೊಂದೂ ತನ್ನ ಮಟ್ಟಿಗೆ ಒಳ್ಳೆಯದೇ. ರಾಮಿಪ್ರಿಲ್ ಗುಂಪಂತೂ ಕಿಡ್ನಿ ಕಾಯುವ ಔಷಧಿಯೇ. ಆದರೆ ಮೇಲಿಂದ ನೋವಿನ ಮಾತ್ರೆ ಬಿದ್ದರೆ ಒಳಬರುವ ಬಾಗಿಲು ಕಿರಿದು, ಹೊರಹೋಗುವ ಬಾಗಿಲು ಅಗಲ, ರಕ್ತವೂ ಕಡಿಮೆ. ಸೋಸುವ ಒತ್ತಡ ಕುಸಿಯುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಮುಂಚೆಯೇ ಕೇಳಿಟ್ಟುಕೊಳ್ಳಬೇಕಾದ ಪ್ರಶ್ನೆ ಎಂದರೆ, ‘ವಾಂತಿ ಭೇದಿ ಆದ ದಿನ ಯಾವ ಮಾತ್ರೆ ನಿಲ್ಲಿಸಲಿ, ಯಾವುದು ಮುಂದುವರಿಸಲಿ, ಯಾವಾಗ ಮತ್ತೆ ಶುರು ಮಾಡಲಿ?’ ತಾವಾಗಿಯೇ ನಿಲ್ಲಿಸುವುದು ಬೇಡ, ಕೇಳದೇ ಇರುವುದೂ ಬೇಡ. ಸಾಮಾನ್ಯ ಜ್ವರ, ನೋವಿಗೆ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕಿಡ್ನಿಗೆ ಹೆಚ್ಚು ಸುರಕ್ಷಿತ. ಅದರ ಪ್ರಮಾಣ ಮೀರಿದರೆ ಲಿವರ್‌ಗೆ ಪೆಟ್ಟು.

ಔಷಧಿಯ ಹೆಸರಲ್ಲಿ ಕಿಡ್ನಿ ಹಾಳಾದ ಇತಿಹಾಸ ಹಳೆಯದು. ಫೆನಾಸಿಟಿನ್ ಎಂಬ ನೋವಿನ ಮಾತ್ರೆಯನ್ನು ಯೂರೋಪಿನಲ್ಲಿ ಜನ ದಿನವೂ ನುಂಗುತ್ತಿದ್ದರು. ಕಿಡ್ನಿಗಳು ಕೆಡುತ್ತಿರುವುದು 1950ರ ದಶಕದಲ್ಲಿ ಗೊತ್ತಾಯಿತು. ಅಮೆರಿಕ ಅದನ್ನು ನಿಷೇಧಿಸಿದ್ದು 1983ರಲ್ಲಿ. ಗಿಡಮೂಲಿಕೆ ಅಂದರೆ ಅಪಾಯವಿಲ್ಲ ಅನ್ನುವವರಿಗೆ ಬೆಲ್ಜಿಯಂನ ಉದಾಹರಣೆ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ತೆಗೆದುಕೊಂಡ ಹೆಂಗಸರ ಕಿಡ್ನಿಗಳು ಒಂದರ ಹಿಂದೊಂದು ಕೈಕೊಟ್ಟವು. ಒಂದು ಗಿಡದ ಬದಲು ಇನ್ನೊಂದು ಸೇರಿಕೊಂಡಿತ್ತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೊಂದಿತು, ಕೆಲವರಿಗೆ ಮೂತ್ರನಾಳದ ಕ್ಯಾನ್ಸರನ್ನೂ ತಂದಿತು. ಗಿಡ ಅಂದ ಮಾತ್ರಕ್ಕೆ ಕಿಡ್ನಿಗೆ ಅದರ ಮೇಲೆ ಪ್ರೀತಿ ಇರಬೇಕಿಲ್ಲ. ‘ಕಿಡ್ನಿ ಡಿಟಾಕ್ಸ್’ ಪುಡಿ, ಜ್ಯೂಸ್‌ಗಳಿಗೂ ಇದೇ ಮಾತು. ಶುದ್ಧ ಮಾಡುವ ಅಂಗವನ್ನೇ ಶುದ್ಧ ಮಾಡುತ್ತೇವೆ ಅನ್ನುವವರ ಧೈರ್ಯ ಮೆಚ್ಚಬೇಕು. ಆಕ್ಸಲೇಟ್ ಎಂಬ ಹರಳುಗಟ್ಟುವ ಅಂಶ ಹೆಚ್ಚಿರುವ ಸೊಪ್ಪಿನ ಜ್ಯೂಸನ್ನು ದಿನವೂ ದೊಡ್ಡ ಲೋಟದಲ್ಲಿ ಕುಡಿದು, ಆಕ್ಸಲೇಟ್ ಹರಳು ಕಿಡ್ನಿಯಲ್ಲಿ ಕೂತು ಆಸ್ಪತ್ರೆ ಸೇರಿದವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ವಿಟಮಿನ್ ಸಿ ಮಾತ್ರೆ ಅತಿಯಾದರೂ ಹೀಗೆಯೇ ಆಗಬಹುದು, ಯಾಕೆಂದರೆ ದೇಹದಲ್ಲಿ ಅದರ ಒಂದಂಶ ಆಕ್ಸಲೇಟ್ ಆಗುತ್ತದೆ.

ಇನ್ನೊಂದು ದಾರಿ ಯಾರೂ ಊಹಿಸದ್ದು: ಚರ್ಮ. ಬಿಳುಪು ಮಾಡುವ ಕೆಲವು ಕ್ರೀಮ್‌ಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ರಕ್ತಕ್ಕೆ ಇಳಿದು ಕಿಡ್ನಿಯ ಜರಡಿಗೆ ಹಾನಿ ಮಾಡಿ, ಪ್ರೋಟೀನ್ ಸೋರುವಂತೆ ಮಾಡಿದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಯಾರು ತಯಾರಿಸಿದ್ದು, ಒಳಗೇನಿದೆ ಅಂತ ಪೊಟ್ಟಣದ ಮೇಲೆ ಬರೆದಿರದ ಕ್ರೀಮ್ ಬೇಡವೇ ಬೇಡ.

ಜಿಮ್‌ಗೆ ಹೋಗುವವರ ಪ್ರಶ್ನೆ ಪ್ರೋಟೀನ್ ಪೌಡರ್. ಕಿಡ್ನಿ ಗಟ್ಟಿಯಿರುವ ಯುವಕರಿಗೆ ಮಿತಿಯಲ್ಲಿ ತೆಗೆದುಕೊಂಡರೆ ಹಾನಿ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ಕಿಡ್ನಿ ಆಗಲೇ ಸೊರಗಿದ್ದರೆ, ಅಥವಾ ಒಂದೇ ಕಿಡ್ನಿ ಇದ್ದರೆ, ಹೆಚ್ಚು ಪ್ರೋಟೀನ್ ಅದರ ಮೇಲೆ ಹೊರೆ ಹಾಕುತ್ತದೆ. ಕ್ರಿಯಾಟಿನ್ ಸಪ್ಲಿಮೆಂಟ್ ನುಂಗುವವರು ರಕ್ತ ಪರೀಕ್ಷೆಗೆ ಹೋದಾಗ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಕಿಡ್ನಿ ಹೊರಹಾಕುವ ತ್ಯಾಜ್ಯ) ಏರಿದ್ದು ಕಂಡು ಹೆದರುತ್ತಾರೆ. ಎಷ್ಟೋ ಸಲ ಅದು ಕಿಡ್ನಿ ಕೆಟ್ಟಿದ್ದಕ್ಕಲ್ಲ, ಸಪ್ಲಿಮೆಂಟ್ ಒಡೆದು ಬಂದದ್ದು. ಇಂಥ ಗೊಂದಲವಿದ್ದಾಗ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಟೆಸ್ಟ್ ಇದೆ. ನಿಜವಾಗಿ ಭಯಪಡಬೇಕಾದ್ದು ಅಭ್ಯಾಸವಿಲ್ಲದವರು ಮೊದಲ ದಿನವೇ ಅತಿಯಾಗಿ ದಂಡಿಸಿಕೊಳ್ಳುವುದಕ್ಕೆ. ಸ್ನಾಯು ಒಡೆದು ಅದರ ಪ್ರೋಟೀನ್ ಕಿಡ್ನಿಗೆ ತುಂಬಿಕೊಳ್ಳುತ್ತದೆ. ವ್ಯಾಯಾಮದ ಮಾರನೇ ದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಿಗರೇಟು ಕಿಡ್ನಿಯ ರಕ್ತನಾಳಗಳನ್ನು ಕೆಡಿಸುತ್ತದೆ, ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಬಿಪಿ, ಶುಗರ್, ತೂಕ ಮೂರಕ್ಕೂ ಒಳ್ಳೆಯದು. ಆಗೊಮ್ಮೆ ಈಗೊಮ್ಮೆ ಮೂತ್ರ ತಡೆದುಕೊಂಡರೆ ಆರೋಗ್ಯವಂತರ ಕಿಡ್ನಿ ಕೆಡುವುದಿಲ್ಲ, ಅದನ್ನೇ ರೂಢಿ ಮಾಡಿಕೊಂಡರೆ ಸೋಂಕಿನ ಸಾಧ್ಯತೆ ಹೆಚ್ಚು.

ಕೊನೆಗೆ ಟೆಸ್ಟ್. ಬಹಳ ಜನ ಕ್ರಿಯಾಟಿನಿನ್ ನೋಡಿ, ನಾರ್ಮಲ್ ಅಂತ ಇದ್ದರೆ ನಿಶ್ಚಿಂತೆಯಾಗುತ್ತಾರೆ. ಆ ಅಂಕಿ ಒಂದೇ ಇದ್ದರೂ ಅರ್ಥ ಒಂದೇ ಅಲ್ಲ. ಕ್ರಿಯಾಟಿನಿನ್ 1.2 ಇರುವ 25 ವರ್ಷದ ಹುಡುಗನ ಸೋಸುವ ಸಾಮರ್ಥ್ಯ, ಅಂದರೆ ಇಜಿಎಫ್‌ಆರ್, ಸುಮಾರು 86 ಬರುತ್ತದೆ. ಅದೇ 1.2 ಇರುವ 70 ವರ್ಷದ ಹೆಂಗಸಿಗೆ ಲೆಕ್ಕ ಹಾಕಿದರೆ 49ರ ಆಸುಪಾಸು. ಮೂರು ತಿಂಗಳು ಮೀರಿ 60ಕ್ಕಿಂತ ಕೆಳಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಹಾಗಾಗಿ ವರದಿಯಲ್ಲಿ ಇಜಿಎಫ್‌ಆರ್ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ.

ಅದೂ ಅರ್ಧ ಚಿತ್ರ ಮಾತ್ರ. ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಎಂಬ ಇನ್ನೊಂದು ಟೆಸ್ಟ್ ಇದೆ, ಚಿಕ್ಕದಾಗಿ ಎಸಿಆರ್ ಅನ್ನುತ್ತಾರೆ. ಇಜಿಎಫ್‌ಆರ್ ಇಳಿಯುವ ಎಷ್ಟೋ ಮೊದಲೇ ಇದು ಏರಿರಬಹುದು. ಒಂದು ಗ್ರಾಂ ಕ್ರಿಯಾಟಿನಿನ್ ಲೆಕ್ಕದಲ್ಲಿ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ, 300 ದಾಟಿದರೆ ಸೋರಿಕೆ ಜೋರಾಗಿದೆ ಅಂತ. ಶುಗರ್, ಬಿಪಿ, ಹೃದಯ ಕಾಯಿಲೆ ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದವರು, ಬಸಿರಿನಲ್ಲಿ ಬಿಪಿ ಏರಿದ್ದ ಹೆಂಗಸರು, ಕಡಿಮೆ ತೂಕದಲ್ಲಿ ಹುಟ್ಟಿದವರು ಈ ಎರಡೂ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಬೇಕು. ಶುಗರ್ ಇದ್ದರೆ ವರ್ಷಕ್ಕೊಮ್ಮೆ ತಪ್ಪದೆ.

ಮೊದಲೆಲ್ಲ ಈ ಸೋರಿಕೆ ಬೇಗ ಗೊತ್ತಾದರೂ ಮಾಡಲು ಇದ್ದ ದಾರಿಗಳು ಕಡಿಮೆ. ಈಗ ಹಾಗಲ್ಲ. ಶುಗರ್‌ಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಶುಗರ್ ಇಲ್ಲದವರಲ್ಲೂ ಕಿಡ್ನಿ ಕುಸಿತವನ್ನು ನಿಧಾನಿಸುತ್ತದೆ ಎಂದು 2020ರ ದೊಡ್ಡ ಅಧ್ಯಯನ ತೋರಿಸಿತು. ಯಾರಿಗೆ ಕೊಡಬೇಕು ಅಂತ ಡಾಕ್ಟರು ತೀರ್ಮಾನಿಸುವಾಗ ನೋಡುವ ಅಂಕಿಗಳಲ್ಲಿ ಎಸಿಆರ್ ಕೂಡ ಒಂದು. ಜ್ವರ, ಮೂತ್ರದ ಸೋಂಕು, ಮುಟ್ಟು ಇದ್ದಾಗ ಅಥವಾ ಹಿಂದಿನ ದಿನ ಭಾರಿ ವ್ಯಾಯಾಮ ಮಾಡಿದ್ದರೆ ಆ ಅಂಕಿ ಸುಮ್ನೆ ಏರಿರಬಹುದು. ಅಂಥ ದಿನ ಬಿಟ್ಟು ಬೆಳಗಿನ ಮೊದಲ ಮೂತ್ರ ಕೊಡಿ. ಹೆಚ್ಚು ಬಂದರೆ ಗಾಬರಿ ಬೇಡ, ಮೂರರಿಂದ ಆರು ತಿಂಗಳೊಳಗೆ ಇನ್ನೊಂದೆರಡು ಸಲ ಮಾಡಿಸಿ. ಮೂರರಲ್ಲಿ ಎರಡು ಸಲವಾದರೂ ಹೆಚ್ಚು ಬಂದರೆ ಆಗ ಅದನ್ನು ನಿಜವಾದ ಸೋರಿಕೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.